ಸದ್ದಿಗೆ ದಂಡ, ಹೊಗೆಗೆ ದೀಪ

ಬೆಂಗಳೂರಿನ ಗಾಂಧಿ ಬಜಾರಿನ ಮುಖ್ಯರಸ್ತೆಯಲ್ಲಿ ಅಂಗಡಿಗಳ ಬೋರ್ಡು ಓದಬೇಕಾಗಿಲ್ಲ. ಮಲ್ಲಿಗೆ, ಮರುಗ, ತುಳಸಿಯ ಘಮ ಒಟ್ಟಾಗಿ ಬಂದರೆ ಹೂವಿನವರ ಸಾಲು. ಹುರಿದ ಬೀಜದ ಘಾಟಾದರೆ ಕಾಫಿಪುಡಿ ಅಂಗಡಿ. ಚಟ್ನಿಪುಡಿ, ಸಾರಿನಪುಡಿ ಮೂಗಿಗೆ ಅಡರಿದರೆ ಸುಬ್ಬಮ್ಮನ ಅಂಗಡಿ ಹತ್ತಿರವಾಯಿತು. ಕಾವಲಿಯ ಮೇಲೆ ದೋಸೆ ಕೆಂಪಗಾಗುವ ವಾಸನೆ 1943ರಿಂದ ಇಲ್ಲೇ ಇರುವ ವಿದ್ಯಾರ್ಥಿ ಭವನದ್ದು. ಭಾನುವಾರ ಬೆಳಿಗ್ಗೆ ಅದರ ಬಾಗಿಲಲ್ಲಿ ಹೆಸರು ಬರೆಸಿ ಕಾಯುವವರ ಗುಂಪು ಫುಟ್‌ಪಾತಿನ ಅರ್ಧ ತಿನ್ನುತ್ತದೆ. ಮೊಳದ ಲೆಕ್ಕದಲ್ಲಿ ಹೂವು, ಕಟ್ಟಿನ ಲೆಕ್ಕದಲ್ಲಿ ವೀಳ್ಯದೆಲೆ, ಚೌಕಾಸಿಯ ಲೆಕ್ಕದಲ್ಲಿ ಮಿಕ್ಕಿದ್ದೆಲ್ಲ ವ್ಯಾಪಾರವಾಗುತ್ತಿರುತ್ತದೆ.

ಡಿ.ವಿ.ಜಿ. ರಸ್ತೆಯ ಕಡೆಗೆ ಹೊರಳುವ ಅಡ್ಡರಸ್ತೆಯೊಂದಕ್ಕೆ ಕಾಲಿಟ್ಟರೆ ಈ ವಾಸನೆಗಳೆಲ್ಲ ಹಿಂದೆ ಉಳಿದು ಪೆಟ್ರೋಲು, ಗ್ರೀಸು, ಬಿಸಿಯಾದ ಕಬ್ಬಿಣ ಎದುರಾಗುತ್ತವೆ. ಒಂದು ಶಟರಿನ ಗ್ಯಾರೇಜು. ಒಳಗೆ ಎರಡು ಗಾಡಿ ನಿಂತರೆ ಮೂರನೆಯದು ಹೊಂಗೆ ಮರದ ಬುಡಕ್ಕೆ ಹೋಗಬೇಕು. ಗೋಡೆಯಲ್ಲಿ ಗಣಪತಿಯ ಕ್ಯಾಲೆಂಡರು, ಅದರ ಕೆಳಗೆ ಮೊಳೆಗೆ ನೇತುಬಿದ್ದ ಕ್ಲಚ್ ಕೇಬಲ್ಲುಗಳು, ಮೂಲೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ತುಂಬ ಸತ್ತ ಸ್ಪಾರ್ಕ್ ಪ್ಲಗ್ಗುಗಳು. ಕೆಲವುಗಳ ಬಿಳಿ ಪಿಂಗಾಣಿಯ ಮೇಲೆ ‘ಮೈಕೋ’ ಎಂಬ ಅಕ್ಷರ ಇನ್ನೂ ಅಳಿಸಿಲ್ಲ.

ಮರದ ಬುಡದಲ್ಲಿ ಈಗ ನಿಂತಿರುವುದು ಒಂದು ಬುಲೆಟ್. ಬಿಎಸ್6 ಹೊಗೆನಿಯಮಕ್ಕೆ ಒಳಪಟ್ಟ ಗಾಡಿ. ಅದರ ಒಡೆಯ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ. ಬೆಂಡ್ ಪೈಪಿನಿಂದ ಹಿಡಿದು ಸೈಲೆನ್ಸರ್‌ವರೆಗೆ ಎಲ್ಲವೂ ಹೊಚ್ಚ ಹೊಸದು, ಕನ್ನಡಿಯಂಥ ಸ್ಟೀಲು. ಹಿಂದಿನ ವಾರ ಗೆಳೆಯರೆಲ್ಲ ಸೇರಿ ಮನೆಯ ಮುಂದೆಯೇ ಕೂಡಿಸಿದ್ದು. ಸದ್ದು ಬಂದಿದೆ, ಆದರೆ ಜೊತೆಗೆ ಬೇರೇನೋ ಬಂದಿದೆ.

“ಅಣ್ಣ, ಆಕ್ಸಿಲರೇಟರ್ ಬಿಟ್ರೆ ಪಟಾಕಿ ಹೊಡೀತದೆ. ಮೈಲೇಜ್ ಎಲ್ಲಾ ಹೋಯ್ತು.”

ಮೇಸ್ತ್ರಿಗೆ ಐವತ್ತು ದಾಟಿದೆ. ಗಾಡಿಯ ಸುತ್ತ ಒಂದು ಸುತ್ತು ಬಂದರು. ಪೈಪನ್ನು ಮುಟ್ಟಲಿಲ್ಲ. ಮೀಟರಿನ ಮೇಲೆ ಅಂಟಿಸಿದ್ದ ಕಪ್ಪು ಇನ್ಸುಲೇಷನ್ ಟೇಪಿನ ತುಂಡನ್ನು ಉಗುರಿನಿಂದ ಎಬ್ಬಿಸಿ ಕಿತ್ತರು. ಅದರಡಿಯಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು.

“ಇದನ್ನ ಮುಚ್ಚಿದ್ಯಾರು?”

“ರಾತ್ರಿ ಕಣ್ಣಿಗೆ ಹೊಡೀತಿತ್ತು ಅಣ್ಣ.”

ಸೀಟು ಬಿಚ್ಚಿ, ಕಪ್ಲರಿಗೆ ಸ್ಕ್ಯಾನರ್ ಸಿಕ್ಕಿಸಿದರು. ಅಂಗೈಯಗಲದ ಪರದೆಯ ಮೇಲೆ ‘ಪಿ0135’ ಮೂಡಿತು. ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಮಲ್ಟಿಮೀಟರಿನ ಎರಡು ಮುಳ್ಳುಗಳನ್ನು ಸೆನ್ಸರಿನ ಎರಡು ಬಿಳಿ ವೈರುಗಳಿಗೆ ಹಿಡಿದರು. ಸರಿಯಿದ್ದರೆ ಕೆಲವೇ ಓಮ್ ತೋರಿಸಬೇಕಾದ ಮೀಟರು ಏನನ್ನೂ ತೋರಿಸಲಿಲ್ಲ. ವೈರು ಒಳಗೇ ತುಂಡಾಗಿದೆ. ಕಾರಣ ಹುಡುಕಲು ಸ್ಕ್ಯಾನರು ಬೇಕಿರಲಿಲ್ಲ, ವೈರು ಸೆಣಬಿನ ಹುರಿಯಂತಾಗಿತ್ತು. ಹುಡುಗರು ಮೇಲಿನ ಕಪ್ಲರ್ ಬಿಚ್ಚದೆ ಕೆಳಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ದರು. ಸೆನ್ಸರ್ ಸುತ್ತಿದಷ್ಟೂ ವೈರೂ ಸುತ್ತಿಕೊಂಡಿತ್ತು.

ಬಿಚ್ಚುವ ಕೆಲಸಕ್ಕೆ ಆತುರವಿಲ್ಲ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರು. ಪೈಪು ಬೆಚ್ಚಗಿದ್ದರೆ ಥ್ರೆಡ್ ಸಡಿಲಾಗುತ್ತದೆ, ಕಾದು ಕೆಂಪಾಗಿದ್ದರೆ ಕೈ ಸುಡುತ್ತದೆ. ಬುಡಕ್ಕೆ ಒಂದು ಸಲ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದರು. ಹುಡುಗನಿಗೆ ಕಾಯುವ ಕೆಲಸ, ಗ್ಯಾರೇಜಿನ ಸಣ್ಣವನಿಗೆ ಕಾಫಿ ತರುವ ಕೆಲಸ. ಆಮೇಲೆ ಬಂತು ಒಂದು ಪಕ್ಕ ಸೀಳಿರುವ ಸಾಕೆಟ್. ವೈರು ಆ ಸೀಳಿನಿಂದ ಹೊರಗೆ ಇಳಿಯುತ್ತದೆ, ಹಿಡಿ ಮಾತ್ರ ಸೆನ್ಸರಿನ ಸೊಂಟಕ್ಕೆ ಬೀಳುತ್ತದೆ. ಒಂದು ಗಟ್ಟಿ ಎಳೆತ, ‘ಕಿರ್’ ಎಂಬ ಸದ್ದು, ನಂತರ ಬೆರಳಿನಲ್ಲೇ ತಿರುಗಿ ಹೊರಬಂತು.

ಹೆಬ್ಬೆರಳಿನಷ್ಟು ಗಾತ್ರದ ವಸ್ತು. ತುದಿಗೆ ತೂತು ತೂತಿನ ಲೋಹದ ಟೊಪ್ಪಿಗೆ. ಅದರೊಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ, ಒಳಮೈ ಹೊರಮೈ ಎರಡಕ್ಕೂ ಪ್ಲಾಟಿನಂ ಲೇಪ. ಒಂದು ಮೈಗೆ ಹೊರಗಿನ ಗಾಳಿ, ಇನ್ನೊಂದಕ್ಕೆ ಎಂಜಿನ್ನಿನ ಹೊಗೆ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ ಪಿಂಗಾಣಿಯಲ್ಲಿ ಪುಟ್ಟ ವಿದ್ಯುತ್ತು ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿಲ್ಲ, ಪೆಟ್ರೋಲು ಜಾಸ್ತಿಯಾಯಿತು ಎಂದರೆ ಸುಮಾರು 0.9 ವೋಲ್ಟ್. ಗಾಳಿ ಜಾಸ್ತಿ ಎಂದರೆ 0.1ರ ಆಸುಪಾಸು. ಮದುವೆಮನೆಯ ಅಡಿಗೆಯವರು ಸಾರಿನ ಹಬೆ ಮೂಸಿಯೇ ಹುಳಿ ಉಪ್ಪಿನ ಹದ ಹೇಳುವ ಹಾಗೆ ಇದು ಹೊಗೆ ನೋಡಿ ಉರಿಯ ಹದ ಹೇಳುತ್ತದೆ. ಅದನ್ನು ಕೇಳಿ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಪೆಟ್ರೋಲನ್ನು ಒಂದು ಕ್ಷಣ ಹೆಚ್ಚಿಸಿ, ಮರುಕ್ಷಣ ತಗ್ಗಿಸಿ, ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬ ಗೆರೆಯ ಅಕ್ಕಪಕ್ಕದಲ್ಲೇ ಗಾಡಿಯನ್ನು ಓಡಿಸುತ್ತದೆ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿಗೆ ಈ ಅಂಕಿ ಇನ್ನೂ ಕೆಳಗಿಳಿಯುತ್ತದೆ. ಆ ಇಳಿತವನ್ನೂ ಸೆನ್ಸರ್ ಹೊಗೆಯಿಂದಲೇ ಪತ್ತೆ ಹಚ್ಚುತ್ತದೆ.

ಆದರೆ ಪಿಂಗಾಣಿ ಸುಮಾರು 300 ಡಿಗ್ರಿ ಕಾಯುವವರೆಗೆ ಮಾತಾಡುವುದಿಲ್ಲ. ಅದಕ್ಕೇ ಒಳಗೊಂದು ಹೀಟರು. ಅದು ಸತ್ತರೆ ಇಸಿಯು ಸೆನ್ಸರನ್ನು ನಂಬುವುದನ್ನು ಬಿಟ್ಟು, ಮೊದಲೇ ಬರೆದಿಟ್ಟ ಅಂದಾಜಿನ ಲೆಕ್ಕದಲ್ಲಿ ಪೆಟ್ರೋಲು ಸುರಿಯತೊಡಗುತ್ತದೆ. ಮೈಲೇಜ್ ಹೋದದ್ದು ಹಾಗೆ.

ಮೇಸ್ತ್ರಿ ಸೆನ್ಸರಿನ ತುದಿಯನ್ನು ಬಿಸಿಲಿಗೆ ಹಿಡಿದರು. ತೂತುಗಳ ಸುತ್ತ ಬೂದಿಯಂಥ ಬಿಳಿ ಪದರ.

“ಜಾಯಿಂಟಿಗೆ ಸಿಲಿಕಾನ್ ಪೇಸ್ಟ್ ಮೆತ್ತಿದ್ರಾ?”

“ಲೀಕ್ ಆಗ್ತಿತ್ತು ಅಣ್ಣ, ಗ್ಯಾಸ್ಕೆಟ್ ಸಿಗ್ಲಿಲ್ಲ.”

“ಅದು ಕಾದಾಗ ಆವಿಯಾಗಿ ಇದರ ಮೇಲೆ ಕೂತ್ಕೊಳ್ಳುತ್ತೆ. ವೈರು ಕೀಳದೇ ಇದ್ರೂ ಇದು ಉಳೀತಿರ್ಲಿಲ್ಲ ಕಣೋ.”

ಸಿಲಿಕಾನ್ ಈ ಸೆನ್ಸರಿಗೆ ವಿಷ. ಸೀಸವೂ ಹಾಗೆಯೇ. ಸೀಸ ಬೆರೆತ ಪೆಟ್ರೋಲಿಗೆ ದೇಶವಿಡೀ ನಿಷೇಧ ಬಂದದ್ದು 2000ದ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲು ಇಂಥದ್ದನ್ನು ನಮ್ಮ ಗಾಡಿಗಳಿಗೆ ಹಾಕಿದ್ದರೆ ಬೇಗನೆ ಕುರುಡಾಗಿಬಿಡುತ್ತಿತ್ತು. ಪಟಾಕಿಯ ಮೂಲವೂ ಆ ಲೀಕಿನಲ್ಲಿತ್ತು. ಸೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಕೂದಲೆಳೆಯ ಸಂದಿದ್ದರೂ ಹೊಗೆಯ ಏರಿಳಿತದ ನಡುವೆ ಹೊರಗಾಳಿ ಒಳನುಗ್ಗುತ್ತದೆ. ಬಿಸಿ ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಆ ಗಾಳಿ ತಾಗಿ ಢಮ್ಮೆನ್ನುತ್ತದೆ. ಸೆನ್ಸರ್ ಬದುಕಿದ್ದರೆ ಆ ಗಾಳಿಯನ್ನು ಎಂಜಿನ್ನಿನದೇ ಎಂದು ತಿಳಿದು ಇನ್ನಷ್ಟು ಪೆಟ್ರೋಲು ಕೇಳುತ್ತದೆ. ಎರಡೂ ಬಗೆಯಲ್ಲಿ ನಷ್ಟ ಜೇಬಿಗೆ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲಿಗೆ ಸ್ಕೂಟರಿನಲ್ಲಿ ಹೋದ ಸಣ್ಣವ ಹೊಸ ಸೆನ್ಸರು, ಹೊಸ ಗ್ಯಾಸ್ಕೆಟ್ಟು ಹಿಡಿದು ಬಂದ. ಅಗ್ಗದ್ದೂ ಸಿಗುತ್ತದೆ, ಬೇಡ ಎಂದು ಮೊದಲೇ ಹೇಳಿ ಕಳಿಸಿದ್ದರು. ಥ್ರೆಡ್ಡಿಗೆ ಮಾತ್ರ ತೆಳುವಾಗಿ ತಾಮ್ರಬಣ್ಣದ ಗ್ರೀಸು, ತುದಿಗೆ ಬೆರಳು ಕೂಡ ತಾಗುವಂತಿಲ್ಲ. ಮೊದಲ ಸುತ್ತುಗಳು ಕೈಯಲ್ಲೇ. ಅಡ್ಡ ಹಿಡಿದರೆ ಹೊಸ ಪೈಪಿನ ಥ್ರೆಡ್ಡೇ ಹಾಳು. ಕೊನೆಯ ಬಿಗಿತಕ್ಕಷ್ಟೇ ಸಾಕೆಟ್. ವೈರನ್ನು ಪೈಪಿಗೆ ತಾಗದ ಹಾಗೆ ಚಾಸಿಗೆ ಟೈ ಹಾಕಿ ಕಟ್ಟಿದರು. ಕಪ್ಲರ್ ಕೂಡಿಸಿದ್ದು ಎಲ್ಲಕ್ಕಿಂತ ಕೊನೆಗೆ.

ಈ ಕೈಗಳು ಕಾರ್ಬುರೇಟರಿನ ಕಾಲದಲ್ಲಿ ಪಳಗಿದವು. ಆಗ ಹದ ನೋಡುವ ಉಪಕರಣವೆಂದರೆ ಬಿಚ್ಚಿದ ಸ್ಪಾರ್ಕ್ ಪ್ಲಗ್ಗು. ತುದಿ ಕಾಫಿಬಣ್ಣಕ್ಕಿದ್ದರೆ ಸರಿ, ಮಸಿಯಿದ್ದರೆ ಪೆಟ್ರೋಲು ಜಾಸ್ತಿ, ಸುಣ್ಣದಂತಿದ್ದರೆ ಗಾಳಿ ಜಾಸ್ತಿ. ಡಬ್ಬಿಯಲ್ಲಿರುವ ಮೈಕೋ ಪ್ಲಗ್ಗುಗಳ ಕಂಪನಿ 1951ರಲ್ಲಿ ಆರಂಭವಾದದ್ದು, ಕಾರ್ಖಾನೆ ಇದ್ದದ್ದು ಇಲ್ಲಿಂದ ದೂರವಿಲ್ಲದ ಆಡುಗೋಡಿಯಲ್ಲಿ. ಮೈಕೋದ ಮೂಲಸಂಸ್ಥೆ ಜರ್ಮನಿಯ ಬಾಷ್. ಹೊಗೆ ಅಳೆಯುವ ಈ ಸೆನ್ಸರನ್ನು 1976ರಲ್ಲಿ ಮೊದಲು ಕಾರಿಗೆ ತಂದದ್ದೂ ಅದೇ ಬಾಷ್, ಕ್ಯಾಲಿಫೋರ್ನಿಯಕ್ಕೆ ಹೋಗುವ ವೋಲ್ವೊ ಕಾರುಗಳಿಗಾಗಿ. 2008ರಲ್ಲಿ ಮೈಕೋ ಹೆಸರೂ ಬಾಷ್ ಆಯಿತು. ನಮ್ಮ ಹೆಚ್ಚಿನ ಬೈಕುಗಳಿಗೆ ಈ ಸೆನ್ಸರ್ ಹೊಕ್ಕದ್ದು 2020ರ ಏಪ್ರಿಲ್ 1ರಂದು ಬಿಎಸ್6 ಕಡ್ಡಾಯವಾದಾಗ. ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ವಿಷಾನಿಲಗಳನ್ನು ಒಟ್ಟಿಗೇ ಮಣಿಸಬಲ್ಲದ್ದು ಆ 14.7ರ ಗೆರೆಯ ಇಕ್ಕಟ್ಟಿನಲ್ಲಿ ಮಾತ್ರ. ಸೆನ್ಸರ್ ದಾರಿ ತೋರದಿದ್ದರೆ ಅದು ಬರೀ ಭಾರ.

“ಇದ್ರಲ್ಲಿ ಕ್ಯಾಟ್ ಇದ್ಯಾ?” ಮೇಸ್ತ್ರಿ ಹೊಳೆಯುವ ಹೊಸ ಸೈಲೆನ್ಸರನ್ನು ಕಾಲಿನಿಂದ ತೋರಿಸಿದರು. ಹುಡುಗ ಸುಮ್ಮನಿದ್ದ. ಇರಲಿಲ್ಲ. ಅಷ್ಟರಲ್ಲಿ ಸ್ಟಾರ್ಟ್ ಮಾಡಿದ ಗಾಡಿಯ ಗುಡುಗಿಗೆ ಹೂವಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸು ನಿಂತು ಬೈದರು: “ಏನಪ್ಪಾ, ಎದೆ ಒಡೆದುಹೋಗತ್ತೆ!”

“ಸೆನ್ಸರ್ ಹಾಕಿದ್ದೀನಿ, ಲೈಟ್ ಆರಿದೆ,” ಎಂದರು ಮೇಸ್ತ್ರಿ. “ಹಳೇ ಸೈಲೆನ್ಸರ್ ಮನೇಲಿದ್ರೆ ನಾಳೆ ತಗೊಂಬಾ. ಹಾಕಿಕೊಡ್ತೀನಿ, ಅದಕ್ಕೆ ಕೂಲಿ ಬೇಡ.”

ಹುಡುಗ ಬಂದಾನೋ ಇಲ್ಲವೋ, ಬರದಿದ್ದರೆ ಪೊಲೀಸರಾದರೂ ಕರೆಸಿಯಾರು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ, 2019ರ ತಿದ್ದುಪಡಿಯ ನಂತರ, ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ಹೇಳುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಇಂಥ ಸೈಲೆನ್ಸರುಗಳನ್ನು ಕಿತ್ತು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಲರ್ ಹತ್ತಿಸಿದ್ದಾರೆ. ಕಲಂ ಮಾತ್ರ ಸದ್ದು, ಹೊಗೆ ಎರಡಕ್ಕೂ ಒಂದೇ. ಸದ್ದನ್ನು ಹಿಡಿಯಲು ಕಿವಿಯಿದ್ದರೆ ಸಾಕು. ಸೆನ್ಸರ್ ಸತ್ತು ಕಳ್ಳಹೊಗೆ ಉಗುಳುತ್ತ ಸದ್ದಿಲ್ಲದೆ ಹೋಗುವ ಗಾಡಿಗೆ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಬಂಕಿನ ಪಕ್ಕದ ಎಮಿಷನ್ ಟೆಸ್ಟು ನಿಂತಲ್ಲೇ ಎಂಜಿನ್ ಓಡಿಸಿ ನೋಡಿ ಚೀಟಿ ಕೊಡುತ್ತದೆ. ಮಿಕ್ಕ ದಿನಗಳಲ್ಲಿ ದೂರು ಹೇಳಲು ಇರುವುದು ಆ ಹಳದಿ ದೀಪವೊಂದೇ. ಅದನ್ನು ಐದು ರೂಪಾಯಿಯ ಟೇಪಿನಿಂದ ಮುಚ್ಚಬಹುದು.

ಹೊರಡುವ ಮುನ್ನ ಮೇಸ್ತ್ರಿ ಕೀ ಮತ್ತೊಮ್ಮೆ ಆನ್ ಮಾಡಿಸಿದರು. ದೀಪ ಹತ್ತಿತು, ಎಂಜಿನ್ ಎದ್ದಮೇಲೆ ಆರಿತು.

“ನೋಡ್ಕೋ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋವಾಗ್ಲೂ ಇದನ್ನೇ ನೋಡು. ಕೀ ಹಾಕಿದ ತಕ್ಷಣ ಈ ಲೈಟ್ ಹತ್ತಲಿಲ್ಲ ಅಂದ್ರೆ ಗಾಡಿ ಚೆನ್ನಾಗಿದೆ ಅಂತಲ್ಲ, ಯಾರೋ ಲೈಟನ್ನೇ ಕಟ್ ಮಾಡಿಸಿರಬಹುದು ಅಂತ. ಅಂಥದ್ದಕ್ಕೆ ಅಡ್ವಾನ್ಸ್ ಕೊಡ್ಬೇಡ.”