ಮದ್ದು ತಿರುಗಿಬಿದ್ದಾಗ

ದೆಹಲಿಯ ಚಳಿಗಾಲ ಬಂತೆಂದರೆ ಹೊಗೆಮಂಜಿನ ಜೊತೆಗೆ ಮನೆಮನೆಯಲ್ಲೂ ನೆಗಡಿ, ಕೆಮ್ಮು. ದ್ವಾರಕಾದಲ್ಲೋ ನೋಯ್ಡಾದಲ್ಲೋ ಇರುವ ನಮ್ಮವರ ಮನೆಯೊಂದನ್ನು ಊಹಿಸಿಕೊಳ್ಳಿ. 7 ವರ್ಷದ ಮಗನಿಗೆ ಆಟಿಸಂ, ಅಂದರೆ ಸ್ವಲೀನತೆ. ಮಾತು ಇನ್ನೂ ಬಂದಿಲ್ಲ. ಮಲಗುವ ಮುನ್ನ ನೆಗಡಿ ಸಿರಪ್ ಕುಡಿಸಿದ್ದಾರೆ. ಕುಡಿದ ಮಕ್ಕಳು ಸಾಮಾನ್ಯವಾಗಿ ತೂಕಡಿಸುತ್ತಾರೆ. ಈ ಹುಡುಗ ಮಾತ್ರ ರಾತ್ರಿ 2 ಗಂಟೆಯಾದರೂ ಮಂಚದ ಮೇಲೆ ಕುಣಿಯುತ್ತಿದ್ದಾನೆ, ಕೈ ಕಚ್ಚಿಕೊಳ್ಳುತ್ತಿದ್ದಾನೆ. "ಸಿರಪ್ ಕುಡಿದ ಮೇಲೇ ಹೀಗಾಗಿದ್ದು ರೀ" ಎಂದು ತಾಯಿ ಹೇಳಿದರೆ, "ಅದರಿಂದ ನಿದ್ದೆ ಬರತ್ತೆ ಕಣೇ, ಇದು ಅವನ ಹಟ ಅಷ್ಟೇ" ಎಂದು ಉತ್ತರ.

ತಾಯಿಯ ಅನುಮಾನವೇ ಸರಿಯಿರಬಹುದು. ಮಂಪರು ತರಬೇಕಾದ ಮದ್ದು ಕೆಲವರನ್ನು ಕೆರಳಿಸುತ್ತದೆ. ವೈದ್ಯರು ಇದನ್ನು ವಿರುದ್ಧ ಪರಿಣಾಮ ಎನ್ನುತ್ತಾರೆ. ನೆಗಡಿ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್‌ನಿಂದ ಹೀಗಾಗಬಹುದು. ಸ್ಕ್ಯಾನ್ ಅಥವಾ ಹಲ್ಲಿನ ಚಿಕಿತ್ಸೆಗೆ ಮುನ್ನ ಮಗುವನ್ನು ಶಾಂತಗೊಳಿಸಲು ಕೊಡುವ ಮಿಡಜೋಲಮ್‌ನಿಂದಲೂ ಆಗಬಹುದು. ಇದು ಆಟಿಸಂ ಇರುವವರಿಗೇ ಮೀಸಲಲ್ಲ, ಅವರೆಲ್ಲರಿಗೂ ಆಗುವುದೂ ಇಲ್ಲ. ಆದರೆ ಅವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು ಎಂಬುದಕ್ಕೆ ಆಧಾರಗಳಿವೆ.

ಅತಿಚಟುವಟಿಕೆಗೆ ಕೊಡುವ ಮೀಥೈಲ್‌ಫೆನಿಡೇಟ್ ಮದ್ದನ್ನು ಅಮೆರಿಕದಲ್ಲಿ ಆಟಿಸಂ ವರ್ಗಕ್ಕೆ ಸೇರಿದ 72 ಮಕ್ಕಳಲ್ಲಿ ಪರೀಕ್ಷಿಸಿ 2005ರಲ್ಲಿ ವರದಿ ಮಾಡಿದರು. ಸುಮಾರು ಅರ್ಧದಷ್ಟು ಮಕ್ಕಳಿಗೆ ಗುಣ ಕಂಡಿತು. ಶೇ. 18ರಷ್ಟು ಮಕ್ಕಳಲ್ಲಿ ಅಡ್ಡಪರಿಣಾಮದಿಂದ, ಬಹುಪಾಲು ಸಿಡಿಮಿಡಿಯಿಂದಾಗಿ, ಮದ್ದನ್ನೇ ನಿಲ್ಲಿಸಬೇಕಾಯಿತು. ಆಟಿಸಂ ಇಲ್ಲದ ಮಕ್ಕಳಲ್ಲಿ ಹೀಗೆ ನಿಲ್ಲಿಸುವ ಪ್ರಮೇಯ ಬಹಳ ಕಡಿಮೆ. ಮತ್ತೆ ಮತ್ತೆ ಅದದೇ ವರ್ತನೆ ತೋರುವುದು ತಗ್ಗಲೆಂದು ಸಿಟಾಲೊಪ್ರಾಮ್ ಅನ್ನು ಪರೀಕ್ಷಿಸಿದ 149 ಮಕ್ಕಳ ಅಧ್ಯಯನ 2009ರಲ್ಲಿ ಬಂತು. ಹುಸಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನವೇನೂ ಸಿಗಲಿಲ್ಲ. ನಿದ್ರೆಗೇಡು, ದುಡುಕು, ಚಡಪಡಿಕೆ ಮಾತ್ರ ಹೆಚ್ಚಾದವು. ತಗ್ಗಿಸಬೇಕೆಂದಿದ್ದ ಪುನರಾವರ್ತನೆಯ ಚಲನೆಗಳೂ ಕೆಲವರಲ್ಲಿ ಹೆಚ್ಚಿದವು!

ಯಾಕೆ ಹೀಗೆ? ಒಂದು ಕಾರಣ ಯಕೃತ್ತಿನಲ್ಲಿದೆ. ಮದ್ದನ್ನು ಕರಗಿಸುವ ಕಿಣ್ವಗಳ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ತರಹ. ನಿಧಾನದವರಲ್ಲಿ ಸಾಮಾನ್ಯ ಡೋಸೂ ಮೈಯಲ್ಲಿ ಶೇಖರವಾಗುತ್ತದೆ. ಇದು ನಮಗೆಲ್ಲರಿಗೂ ಅನ್ವಯಿಸುವ ಮಾತು. ಆಟಿಸಂ ಇರುವ ಮಗುವಿಗೆ ಇನ್ನೊಂದು ತೊಡಕಿದೆ, ಮತ್ತು ಅದೇ ದೊಡ್ಡದು: ಮೈಯೊಳಗೆ ಏನಾಗುತ್ತಿದೆ ಎಂದು ಅದು ಹೇಳಲಾರದು.

ಉದಾಹರಣೆಗೆ ರಿಸ್ಪೆರಿಡೋನ್. ಆಟಿಸಂ ಇರುವ ಮಕ್ಕಳ ತೀವ್ರ ಸಿಟ್ಟು, ರಂಪಕ್ಕೆ ಇದನ್ನು ಬಳಸಲು ಅಮೆರಿಕ 2006ರಲ್ಲಿ ಅನುಮತಿ ಕೊಟ್ಟಿತು. ಅನೇಕರಿಗೆ ಇದರಿಂದ ನಿಜಕ್ಕೂ ಉಪಕಾರವಾಗಿದೆ. ಆದರೆ ಕೆಲವರಿಗೆ ಇದರಿಂದ ಕೂತಲ್ಲಿ ಕೂರಲಾಗದ ಒಳಗಿನ ತಳಮಳ ಶುರುವಾಗುತ್ತದೆ. ದೊಡ್ಡವರಾದರೆ "ಡಾಕ್ಟ್ರೇ, ಕಾಲು ನಿಲ್ಲುತ್ತಿಲ್ಲ" ಎನ್ನುತ್ತಾರೆ. ಮಾತು ಬಾರದ ಮಗು ಓಡುತ್ತದೆ, ಹೊಡೆಯುತ್ತದೆ. ನೋಡುವವರು "ಆಟಿಸಂ ಜಾಸ್ತಿಯಾಯಿತು" ಎಂದುಕೊಳ್ಳುತ್ತಾರೆ, ಡೋಸ್ ಏರಿಸುತ್ತಾರೆ, ತಳಮಳ ಇನ್ನೂ ಏರುತ್ತದೆ. ಹಸಿವೂ ಹಾಗೆಯೇ. 2002ರ ಅಧ್ಯಯನವೊಂದರಲ್ಲಿ ರಿಸ್ಪೆರಿಡೋನ್ ಪಡೆದ ಮಕ್ಕಳ ತೂಕ 8 ವಾರದಲ್ಲಿ ಸರಾಸರಿ 2.7 ಕಿಲೋ ಏರಿತ್ತು. ಹುಸಿ ಮಾತ್ರೆ ಪಡೆದವರಲ್ಲಿ 0.8 ಕಿಲೋ. ಅಡುಗೆಮನೆಯ ಡಬ್ಬಿಗಳಿಗೆ ಕೈಹಾಕುವ ಮಗುವನ್ನು ಗದರುವ ಮುನ್ನ ಇದು ನೆನಪಿರಲಿ. ಅಪಸ್ಮಾರಕ್ಕೆ ಕೊಡುವ ಲೆವೆಟಿರಾಸಿಟಮ್‌ನಿಂದಲೂ ಕೆಲವರಲ್ಲಿ ಸಿಡುಕು ಹೆಚ್ಚುತ್ತದೆ.

ಹಾಗಾದರೆ ಮನೆಯವರು ಏನು ಮಾಡಬಹುದು?

* ಒಂದು ನೋಟ್‌ಬುಕ್ ಇಡಿ. ಮದ್ದಿನ ಹೆಸರು, ಡೋಸ್, ಕೊಟ್ಟ ಹೊತ್ತು, ಆಮೇಲೆ ಕಂಡದ್ದು, ನಿದ್ದೆ, ಊಟ, ಶೌಚ, ತೂಕ ಎಲ್ಲ ಬರೆಯಿರಿ. ಮದ್ದು ಶುರುವಾಗುವ ಹಿಂದಿನ ವಾರದಿಂದಲೇ ಬರೆದರೆ ಹೋಲಿಸಲು ಸುಲಭ.
* ಕಡಿಮೆ ಡೋಸಿನಿಂದ ಶುರುಮಾಡಿ ನಿಧಾನವಾಗಿ ಏರಿಸಬಹುದೇ ಎಂದು ವೈದ್ಯರನ್ನು ಕೇಳಿ. ಒಂದೇ ಸಲಕ್ಕೆ ಎರಡು ಹೊಸ ಮದ್ದು ಶುರುವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು.
* ಅರಿವಳಿಕೆ ಕೊಡುವ ಮುನ್ನ ಹಿಂದಿನ ಅನುಭವವನ್ನು ತಪ್ಪದೆ ಹೇಳಿ.
* ನಿತ್ಯದ ಮದ್ದನ್ನು ನೀವಾಗಿ ನಿಲ್ಲಿಸಬೇಡಿ. ಅಪಸ್ಮಾರದ ಮದ್ದು ತಟ್ಟನೆ ನಿಂತರೆ ಸೆಳೆತ ಬರಬಹುದು.
* ಮುಖ ಊದಿದರೆ, ಉಸಿರು ಕಟ್ಟಿದರೆ, ಕತ್ತು ತಿರುಚಿಕೊಂಡರೆ, ಜ್ವರದ ಜೊತೆ ಮೈ ಸೆಟೆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.
* ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎರಡೂ ಬೆರೆತ ನೆಗಡಿ ಸಿರಪ್ 4 ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ. ಅಂಗಡಿಯಲ್ಲೇ ಲೇಬಲ್ ಓದಿ.

ಇನ್ನೊಂದು ಕೆಲಸವಿದೆ. ಅದರ ಕೇಂದ್ರ ನಮ್ಮ ಪಕ್ಕದಲ್ಲೇ ಇದೆ. ಮದ್ದಿನ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಗಿ, 2011ರಲ್ಲಿ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ಗೆ ವರ್ಗವಾಯಿತು. ವರದಿ ಮಾಡಲು ವೈದ್ಯರೇ ಆಗಬೇಕಿಲ್ಲ, ರೋಗಿಯ ಮನೆಯವರೂ ಮಾಡಬಹುದು. ಅದರ ಫಾರಂ ಕನ್ನಡದಲ್ಲೂ ಇದೆ! ಉಚಿತ ದೂರವಾಣಿ 1800-180-3024, ಕಚೇರಿ ವೇಳೆಯಲ್ಲಿ. ಮದ್ದೇ ಕಾರಣವೆಂದು ರುಜುವಾತು ಮಾಡಬೇಕಿಲ್ಲ, ಅನುಮಾನವಿದ್ದರೂ ಸಾಕು.

ಆ ರಾತ್ರಿಯ ಹುಡುಗನಿಗೆ ಮರಳೋಣ. "ಸಿರಪ್ ಕೊಟ್ಟದ್ದು 9 ಗಂಟೆಗೆ, ಕುಣಿತ ಶುರುವಾದದ್ದು 10ಕ್ಕೆ" ಎಂದು ತಾಯಿ ಬರೆದಿಟ್ಟರೆ, ಬೆಳಿಗ್ಗೆ ವೈದ್ಯರ ಮುಂದೆ ಅದು ಬರೀ ಅನುಮಾನವಾಗಿ ಉಳಿಯುವುದಿಲ್ಲ. ಹೇಳಲಾರದ ಮಗುವಿನ ಪರವಾಗಿ ಮಾತಾಡುವುದು ಆ ಎರಡು ಸಾಲು.