ಗೀಸರ್: ನಂಬಿಕೆ ಒಂದು, ನಿಜ ಇನ್ನೊಂದು

ಬಚ್ಚಲ ಒಲೆಯ ಮೇಲೆ ಹಂಡೆ ಇದ್ದಾಗ ಬೆಂಕಿಯೂ ನೀರೂ ಕಣ್ಣೆದುರಿಗೇ ಇರುತ್ತಿದ್ದವು. ಗೀಸರ್‌ನಲ್ಲಿ ಎಲ್ಲವೂ ಮುಚ್ಚಿದ ಡಬ್ಬಿಯೊಳಗೇ ನಡೆಯುತ್ತದೆ. ಹಾಗಾಗಿ ಅದರ ಬಗ್ಗೆ ಊಹೆಗಳೇ ಜಾಸ್ತಿ. ಕೆಲವು ಊಹೆಗಳಿಂದ ಕರೆಂಟ್ ಬಿಲ್ ಏರುತ್ತದೆ, ಕೆಲವು ಪ್ರಾಣಕ್ಕೇ ಎರವಾಗುತ್ತವೆ.

ತಪ್ಪು ಕಲ್ಪನೆ: ಆಗಾಗ ಆನ್-ಆಫ್ ಮಾಡುವುದಕ್ಕಿಂತ ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯುತ್ತದೆ.

ಸತ್ಯ: 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 0.6 ಯೂನಿಟ್. 2 ಕಿಲೋವ್ಯಾಟ್ ಕಾಯಿಲ್ ಇಪ್ಪತ್ತು ನಿಮಿಷದೊಳಗೆ ಆ ಕೆಲಸ ಮುಗಿಸುತ್ತದೆ. ಆಮೇಲೂ ಆನ್ ಇಟ್ಟರೆ, ಯಾರೂ ನಲ್ಲಿ ತಿರುಗಿಸದಿದ್ದರೂ ನೀರು ನಿಧಾನವಾಗಿ ತಣಿಯುತ್ತದೆ, ಕಾಯಿಲ್ ಮತ್ತೆ ಮತ್ತೆ ಕಾಯಿಸುತ್ತದೆ. ಸ್ಟೋರೇಜ್ ಗೀಸರ್ ಮೇಲಿನ ಸ್ಟಾರ್ ಲೇಬಲ್ ಅಳೆಯುವುದು ಹೀಗೆ 24 ಗಂಟೆಯಲ್ಲಿ ಸೋರಿಹೋಗುವ ಶಾಖವನ್ನೇ. ಐದು ಸ್ಟಾರ್ ಇದ್ದರೆ ಸೋರಿಕೆ ಕಡಿಮೆ, ಅಷ್ಟೇ; ನೀರು ಕಾಯಿಸುವ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಸ್ವಿಚ್ ಹಾಕಿ, ಕಾದ ಮೇಲೆ ಆರಿಸಿದರೆ ಸಾಕು.

ತಪ್ಪು ಕಲ್ಪನೆ: ಥರ್ಮೋಸ್ಟ್ಯಾಟ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ನೀರು ಬೇಗ ಕಾಯುತ್ತದೆ.

ಸತ್ಯ: ಕಾಯಿಲ್‌ನ ಶಕ್ತಿ ಬದಲಾಗುವುದಿಲ್ಲ. ಆ ಗುಂಡಿ ಹೇಳುವುದು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ. 75ಕ್ಕೆ ಇಟ್ಟರೂ 60 ಡಿಗ್ರಿ ಮುಟ್ಟಲು ಹಿಡಿಯುವ ಹೊತ್ತು ಅಷ್ಟೇ. ಅದರ ಮೇಲಿನದು ದಂಡ. ಮಕ್ಕಳ ಮೈ ಸುಡುವ ಭಯವೂ ಇದೆ. 55-60 ಡಿಗ್ರಿ ಸಾಕು. ಹಾಗೆಂದು 50ಕ್ಕಿಂತ ಕೆಳಗಿಳಿಸಬೇಡಿ: ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಬಲ್ಲವು.

ತಪ್ಪು ಕಲ್ಪನೆ: ತಾರಸಿಯ ಟ್ಯಾಂಕ್ ಖಾಲಿಯಾದರೆ ಗೀಸರ್ ಕೂಡ ಖಾಲಿಯಾಗಿ ಕಾಯಿಲ್ ಸುಟ್ಟುಹೋಗುತ್ತದೆ.

ಸತ್ಯ: ತಣ್ಣೀರು ಒಳಬರುವುದು ಗೀಸರ್‌ನ ತಳದಲ್ಲಿ, ಬಿಸಿನೀರು ಹೊರಹೋಗುವ ಕೊಳವೆಯ ಬಾಯಿ ಇರುವುದು ಮೇಲ್ಭಾಗದಲ್ಲಿ. ಕೆಳಗಿನಿಂದ ತಣ್ಣೀರು ನೂಕಿದರೆ ಮಾತ್ರ ಮೇಲಿನ ಬಿಸಿನೀರು ಹೊರಬರುತ್ತದೆ. ನೂಕುವ ನೀರು ನಿಂತರೆ ನಲ್ಲಿಯೂ ನಿಲ್ಲುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ. ಎಚ್ಚರ ಬೇಕಿರುವುದು ಹೊಸದಾಗಿ ಕೂರಿಸಿದಾಗ ಮತ್ತು ಸರ್ವಿಸ್‌ಗೆಂದು ನೀರು ಖಾಲಿ ಮಾಡಿದಾಗ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೆಯೇ ಸ್ವಿಚ್ ಹಾಕಿ.

ತಪ್ಪು ಕಲ್ಪನೆ: ಗೀಸರ್ ಕೆಳಗಿನ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಅದನ್ನು ಬಂದ್ ಮಾಡಿಸಬೇಕು.

ಸತ್ಯ: ಇಲ್ಲಿಂದ ಮುಂದಿನದು ಬಿಲ್ಲಿನ ಮಾತಲ್ಲ, ಜೀವದ ಮಾತು. ಕಾದಾಗ ನೀರು ಹಿಗ್ಗುತ್ತದೆ. 15 ಲೀಟರ್ ನೀರು 60 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 200 ಮಿಲಿಲೀಟರ್ ಹೆಚ್ಚಾಗುತ್ತದೆ. ಹಿಂದಕ್ಕೆ ಹೋಗಲು ವಾಲ್ವ್ ಬಿಡದಿದ್ದಾಗ ಆ ನೀರು ಹನಿಹನಿಯಾಗಿ ಹೊರಬೀಳುತ್ತದೆ. ಕಾಯುವಾಗ ಹನಿಯುವುದು ರೋಗವಲ್ಲ, ಒತ್ತಡ ಇಳಿಸುವ ದಾರಿ. ಅದಕ್ಕೆ ಬಿರಡೆ ಜಡಿದ ಮೇಲೆ ಥರ್ಮೋಸ್ಟ್ಯಾಟ್ ಮತ್ತು ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಕಟ್‌ಔಟ್ ಎರಡೂ ಕೈಕೊಟ್ಟರೆ ಟ್ಯಾಂಕ್ ಸಿಡಿಯಬಹುದು. ಆರಿಸಿದ ಮೇಲೂ ಎಡೆಬಿಡದೆ ಸುರಿಯುತ್ತಿದ್ದರೆ ನೀರಿನ ಒತ್ತಡ ಹೆಚ್ಚಿದೆ ಅಥವಾ ವಾಲ್ವ್ ಕೆಟ್ಟಿದೆ. ಆಗ ವಾಲ್ವ್ ಬದಲಾಯಿಸಿ, ಮುಚ್ಚಬೇಡಿ.

ತಪ್ಪು ಕಲ್ಪನೆ: ಬಿಸಿನೀರು ಬರುತ್ತಿರುವ ತನಕ ಸರ್ವಿಸ್ ಬೇಕಿಲ್ಲ.

ಸತ್ಯ: ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರ ತನಕ ಸಹಿಸಬಹುದು. ನಮ್ಮ ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಈ 200ನ್ನು ಸಲೀಸಾಗಿ ದಾಟುತ್ತದೆ. ಕಾದಾಗ ಅದರಲ್ಲಿನ ಸುಣ್ಣದ ಅಂಶ ಕಾಯಿಲ್ ಮೇಲೆ ಬಿಳಿ ಹೊಪ್ಪಳೆಯಾಗಿ ಕೂರುತ್ತದೆ. ಶಾಖ ನೀರಿಗೆ ಇಳಿಯದೆ ಕಾಯಿಲ್ ತಾನೇ ಬೇಯುತ್ತದೆ. ಗೀಸರ್‌ನೊಳಗೆ ಚಟಪಟ ಸದ್ದು ಬಂದರೆ ಇದೇ ಕಾರಣವಿರಬಹುದು. ಹೆಚ್ಚಿನ ಟ್ಯಾಂಕ್‌ಗಳಲ್ಲಿ ಮೆಗ್ನೀಸಿಯಂ ಆನೋಡ್ ರಾಡ್ ಕೂಡ ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಹೊಸದರಲ್ಲಿ ನುಣುಪಾಗಿ ದಪ್ಪಗಿರುವ ರಾಡ್, ಗಡಸು ನೀರಿನಲ್ಲಿ ಗುಳಿ ಬಿದ್ದು, ಕೊನೆಗೆ ನಡುವಿನ ತಂತಿಯಷ್ಟೇ ಉಳಿಯುತ್ತದೆ. ಅಲ್ಲಿಂದಾಚೆ ತುಕ್ಕು ಹಿಡಿಯುವ ಸರದಿ ಟ್ಯಾಂಕಿನದು. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ರಾಡ್ ಹೊರತೆಗೆದು ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಅರ್ಥಿಂಗ್ ಸರಿಯಿದೆಯೇ ಎಂದು ಅದೇ ದಿನ ನೋಡಿಸಿಬಿಡಿ.

ತಪ್ಪು ಕಲ್ಪನೆ: ಗ್ಯಾಸ್ ಗೀಸರ್‌ನಲ್ಲಿ ಏನಾದರೂ ಆದರೆ ವಾಸನೆ ಬಂದೇ ಬರುತ್ತದೆ.

ಸತ್ಯ: ವಾಸನೆ ಇರುವುದು ಸೋರುವ ಎಲ್‌ಪಿಜಿಗೆ, ಅದೂ ಬೇಕೆಂದೇ ಬೆರೆಸಿದ್ದು. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಬಚ್ಚಲಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಗ್ಯಾಸ್ ಗೀಸರ್ ಇರಬೇಕಾದ್ದು ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲಿ. ಬಚ್ಚಲೊಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ. ಸ್ನಾನದ ನಡುವೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಬಾಗಿಲು ತೆರೆದು ಹೊರಗೆ ಬನ್ನಿ. ಗೀಸರ್ ಆರಿಸುವುದು ಆಮೇಲೆ.