ಮುಕ್ತ ತಂತ್ರಾಂಶ: ನಕಲೋ, ನಾವೀನ್ಯವೋ?

ಇತ್ತೀಚೆಗೆ ಮನೆಗೆ ಬಂದಿದ್ದ ಸ್ನೇಹಿತರೊಬ್ಬರು ನನ್ನ ಕಂಪ್ಯೂಟರಿನ ಪರದೆಯತ್ತ ನೋಡಿ, ‘ಇದು ವಿಂಡೋಸ್‌ನ ನಕಲಲ್ಲವೇ? ಪುಕ್ಕಟೆ ಸಿಗುತ್ತದೆ ಎಂಬುದೊಂದನ್ನು ಬಿಟ್ಟರೆ ಇದರಲ್ಲಿ ಹೊಸತೇನಿದೆ?’ ಎಂದು ಕೇಳಿದರು. ನಾನು ಬಳಸುವುದು ಲಿನಕ್ಸ್. ಅದರ ಮೇಲೆ ಕೆಡಿಇ ಎಂಬ ಡೆಸ್ಕ್‌ಟಾಪ್. ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಕಣ್ಣಿಗೆ ಕಾಣುವಷ್ಟನ್ನೇ ಪ್ರಮಾಣವೆಂದು ಒಪ್ಪುವುದಾದರೆ ಅವರ ಮಾತು ಸುಳ್ಳಲ್ಲ. ಹಲವು ವರ್ಷಗಳಿಂದ ಮುಕ್ತ ತಂತ್ರಾಂಶದ ಪರವಾಗಿ ವಾದಿಸುತ್ತ ಬಂದಿರುವ ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

ನಕಲಿನ ಮಾತು ಬಂದಾಗ ಅದರ ವಂಶಾವಳಿಯನ್ನೂ ನೋಡಬೇಕಾಗುತ್ತದೆ. ಕಿಟಕಿ, ಐಕಾನ್, ಮೆನುಗಳಿಂದ ಕಂಪ್ಯೂಟರನ್ನು ನಡೆಸುವ ಕಲ್ಪನೆ ಬಹುಮಟ್ಟಿಗೆ ರೂಪುಗೊಂಡದ್ದು ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. 1973ರ ‘ಆಲ್ಟೊ’ ಮತ್ತು 1981ರ ‘ಸ್ಟಾರ್’ ಯಂತ್ರಗಳು ಅದರ ಫಲ. ಅಲ್ಲಿಂದ ಸ್ಫೂರ್ತಿ ಪಡೆದ ಆಪಲ್, 1983ರಲ್ಲಿ ‘ಲೀಸಾ’ವನ್ನೂ 1984ರಲ್ಲಿ ‘ಮ್ಯಾಕಿಂತಾಶ್’ ಅನ್ನೂ ಮಾರುಕಟ್ಟೆಗೆ ತಂದಿತು. 1985ರಲ್ಲಿ ವಿಂಡೋಸ್ ಬಂತು. ತನ್ನ ವಿನ್ಯಾಸವನ್ನು ಕದಿಯಲಾಗಿದೆ ಎಂದು ಆಪಲ್ 1988ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿ ಸೋತಿತು. ಎರವಲು ಈ ಕ್ಷೇತ್ರದ ಕುಲಧರ್ಮವೇ ಆಗಿರುವಾಗ ಮುಕ್ತ ತಂತ್ರಾಂಶದವರನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಹಾಗೆಂದು ಅವರು ಹೊಸ ಲೋಕವನ್ನೇ ಕಟ್ಟಲು ಹೊರಟವರೂ ಅಲ್ಲ. 1996ರಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ ಕೆಡಿಇ ಯೋಜನೆಯನ್ನು ಘೋಷಿಸಿದಾಗ, ಪರಿಣತರಿಗೆ ಮಾತ್ರ ಒಲಿಯುತ್ತಿದ್ದ ವ್ಯವಸ್ಥೆಯನ್ನು ಸಾಮಾನ್ಯರ ಕೈಗೆಟುಕಿಸುವುದು ಅವರ ಉದ್ದೇಶವಾಗಿತ್ತು. ಮರುವರ್ಷ ಮೆಕ್ಸಿಕೊದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಆರಂಭಿಸಿದ ‘ಗ್ನೋಮ್’, ಸಂಪೂರ್ಣ ಮುಕ್ತವಾದ ಡೆಸ್ಕ್‌ಟಾಪ್ ಬೇಕೆಂಬ ಹಟದಿಂದ ಹುಟ್ಟಿತು. ಪರಿಚಿತವಾದುದನ್ನು ಅನುಸರಿಸಿದ್ದು ಇಬ್ಬರಿಗೂ ಸಹಜವೇ ಆಗಿತ್ತು.

ಅವರು ಹೊಸದಕ್ಕೆ ಕೈಹಾಕಿದಾಗ ಏನಾಯಿತು? 2011ರಲ್ಲಿ ಗ್ನೋಮ್ ತನ್ನ ಮೂರನೆಯ ಆವೃತ್ತಿಯಲ್ಲಿ ಹಳೆಯ ಪಟ್ಟಿ, ಮೆನುಗಳನ್ನು ಕೈಬಿಟ್ಟು ಹೊಸ ವಿನ್ಯಾಸವನ್ನು ತಂದಿತು. ಅನೇಕ ಬಳಕೆದಾರರು ಸಿಟ್ಟಾದರು. ಅತೃಪ್ತರು ಹಳೆಯ ಆಕರವನ್ನೇ ಎತ್ತಿಕೊಂಡು ‘ಮಾಟೆ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್ ಮಿಂಟ್ ತಂಡ ‘ಸಿನಮನ್’ ಅನ್ನು ರೂಪಿಸಿತು. 2012ರ ವಿಂಡೋಸ್ 8 ಕೂಡ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿ ಇಂಥದೇ ಅಸಮಾಧಾನಕ್ಕೆ ಗುರಿಯಾಯಿತು. ಆದರೆ ಗುಂಡಿ ಮರಳಲು 2013ರವರೆಗೆ, ಪೂರ್ಣ ಮೆನು ಮರಳಲು 2015ರವರೆಗೆ ಕಾಯಬೇಕಾಯಿತು. ಬಳಕೆದಾರರ ಕೈಯಲ್ಲಿ ಆಕರವಿರಲಿಲ್ಲ. ಎರಡೂ ಕಡೆ ನಡೆದದ್ದು ಒಂದೇ ಬಗೆಯ ಪ್ರಯೋಗ. ಪ್ರಯೋಗ ಒಗ್ಗದವರಿಗೆ ಉಳಿದ ದಾರಿ ಮಾತ್ರ ಬೇರೆ ಬೇರೆ.

ಪರದೆಯ ಹಿಂದೆ ಸರಿದು ನೋಡಿದರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಕೆಡಿಇ ತಂಡ ತನ್ನ ಬ್ರೌಸರಿಗಾಗಿ ‘ಕೆಎಚ್‌ಟಿಎಂಎಲ್’ ಎಂಬ ಎಂಜಿನ್ ಅನ್ನು ಬರೆದಿತ್ತು. 2003ರಲ್ಲಿ ಸಫಾರಿಯನ್ನು ಪ್ರಕಟಿಸಿದ ಆಪಲ್, ಅದನ್ನು ಕಟ್ಟಿದ್ದು ಈ ಬುನಾದಿಯ ಮೇಲೆ. ಅದೇ ‘ವೆಬ್‌ಕಿಟ್’ ಆಯಿತು. 2008ರಲ್ಲಿ ಗೂಗಲ್ ಕ್ರೋಮ್ ವೆಬ್‌ಕಿಟ್ ಅನ್ನು ಬಳಸಿಕೊಂಡಿತು; 2013ರಲ್ಲಿ ಅದರಿಂದ ಕವಲೊಡೆದ ‘ಬ್ಲಿಂಕ್’ ಅನ್ನು 2020ರಲ್ಲಿ ಹೊಸ ರೂಪದಲ್ಲಿ ಬಂದ ಮೈಕ್ರೋಸಾಫ್ಟ್ ಎಡ್ಜ್ ಕೂಡ ಆಶ್ರಯಿಸಿತು. ಇಂದಿಗೂ ಕ್ರೋಮ್ ಜಾಲತಾಣಗಳಿಗೆ ತನ್ನ ಪರಿಚಯ ಹೇಳಿಕೊಳ್ಳುವ ಸಾಲಿನಲ್ಲಿ ಕೆಎಚ್‌ಟಿಎಂಎಲ್ ಹೆಸರು ಉಳಿದಿದೆ. ಇಲ್ಲಿ ಎರವಲು ಪಡೆದವರು ಯಾರು?

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ‘ಸೂರ್ಯ’ ಎಂಬ ಪದವನ್ನು ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ದಾಖಲಿಸುತ್ತದೆ: ಮೊದಲು ರಕಾರ, ಬಳಿಕ ಯಕಾರ. ಪರದೆಯ ಮೇಲೆ ಮಾತ್ರ ಅರ್ಕಾವೊತ್ತು ಯಕಾರದ ನಂತರ ಮೂಡಬೇಕು. ಈ ಜೋಡಣೆ ತಪ್ಪಿದರೆ ಕನ್ನಡ ಕನ್ನಡವಾಗಿ ಉಳಿಯುವುದಿಲ್ಲ. ಗ್ನೋಮ್ ಬಳಸುವ ‘ಪ್ಯಾಂಗೊ’ ಮತ್ತು ಕೆಡಿಇಗೆ ತಳಹದಿಯಾದ ‘ಕ್ಯುಟಿ’ಗಳಲ್ಲಿ ಈ ಕೆಲಸಕ್ಕಾಗಿ ಬರೆದ ಸಂಕೇತಗಳು ಒಂದುಗೂಡಿ ‘ಹಾರ್ಫ್‌ಬಜ್’ ಎಂಬ ತಂತ್ರಾಂಶ ರೂಪುಗೊಂಡಿತು. ಮುಂದೆ ಅದನ್ನು ಹೊಸದಾಗಿಯೇ ಬರೆಯಲಾಯಿತು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳು ಇಂದು ಅಕ್ಷರ ಜೋಡಣೆಗೆ ಬಳಸುವುದು ಇದನ್ನೇ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಶ್ರೇಯಸ್ಸನ್ನು ಮರೆಮಾಚಬಾರದು. ಹಾರ್ಫ್‌ಬಜ್ ಅನುಸರಿಸುವ ‘ಓಪನ್‌ಟೈಪ್’ ವಿಧಾನವನ್ನು ರೂಪಿಸಿದವರು ಮೈಕ್ರೋಸಾಫ್ಟ್ ಮತ್ತು ಅಡೋಬಿ. ಕನ್ನಡ ಯೂನಿಕೋಡ್ ಬೆಂಬಲ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಇತ್ತು. ಬಳಕೆದಾರರನ್ನು ಕೂರಿಸಿಕೊಂಡು ಅವರ ತೊಡಕುಗಳನ್ನು ಅಧ್ಯಯನ ಮಾಡಲು ಹಣ ಮತ್ತು ತಾಳ್ಮೆ ಬೇಕು. ಗ್ನೋಮ್‌ಗೂ ಅಂಥ ಅಧ್ಯಯನ ದೊರೆತದ್ದು 2001ರಲ್ಲಿ ಸನ್ ಕಂಪನಿಯ ನೆರವಿನಿಂದ. ಯಂತ್ರ ಮತ್ತು ತಂತ್ರಾಂಶಗಳನ್ನು ಒಟ್ಟಿಗೆ ವಿನ್ಯಾಸಗೊಳಿಸುವ ಆಪಲ್‌ನ ಅಚ್ಚುಕಟ್ಟುತನ ಮುಕ್ತ ಡೆಸ್ಕ್‌ಟಾಪುಗಳಿಗೆ ಸುಲಭವಾಗಿ ದಕ್ಕುವಂಥದ್ದಲ್ಲ.

ಆದುದರಿಂದ ‘ಮೊದಲು ಯೋಚಿಸಿದವರು ಯಾರು’ ಎಂಬ ಪ್ರಶ್ನೆಯೊಂದರಿಂದಲೇ ನಾವೀನ್ಯವನ್ನು ಅಳೆಯಲಾಗದು. ಯೋಚನೆಯನ್ನು ಮುಂದುವರಿಸುವ ಹಕ್ಕು ಯಾರಿಗಿದೆ ಎಂಬುದೂ ಅಷ್ಟೇ ಮುಖ್ಯ. ಮಾರುಕಟ್ಟೆಯ ತಕ್ಕಡಿಯಲ್ಲಿ ಹೆಚ್ಚು ತೂಗದ ನಮ್ಮಂಥ ಭಾಷೆಗೆ ಈ ಹಕ್ಕು ಆಲಂಕಾರಿಕವಲ್ಲ. ಲಾಭವಿಲ್ಲವೆಂದು ಕಂಪನಿಯೊಂದು ಕನ್ನಡವನ್ನು ಬದಿಗಿಟ್ಟರೆ ನಾವು ಮಾಡಬಹುದಾದದ್ದು ಮನವಿ ಮಾತ್ರ. ಮುಕ್ತ ತಂತ್ರಾಂಶದಲ್ಲಿ ಅನುವಾದಕ್ಕೆ, ದೋಷ ತಿದ್ದಲು ಯಾರ ದಯೆಯೂ ಬೇಕಿಲ್ಲ. ದುಡಿಯುವ ಕೈಗಳು ಮಾತ್ರ ಬೇಕು. ಆ ಕೈಗಳನ್ನು ಒದಗಿಸದೆ ಹೊಸತೇನಿದೆ ಎಂದು ಕೇಳುವುದು ನಮಗೆ ಶೋಭಿಸದು.

ಸ್ನೇಹಿತರ ಜೇಬಿನಲ್ಲಿ ಆಂಡ್ರಾಯ್ಡ್ ಫೋನಿದೆ. ಅವರು ಮುಂದಿನ ಬಾರಿ ಬಂದಾಗ ಅದರಲ್ಲಿಯೇ ‘ಸೂರ್ಯ’ ಎಂದು ಬರೆದು ತೋರಿಸಿ ಉತ್ತರ ಹೇಳಬೇಕೆಂದಿದ್ದೇನೆ.